ಹಸಿರು ಬಂದರೆ ಆರಾಮ ಅಂತಲ್ಲ: ಥರ್ಮಲ್ ಕ್ಯಾಮೆರಾ ಕುರಿತು ವಿಜಯಪುರದಿಂದ ಒಂದು ಬಹಿರಂಗ ಪತ್ರ

ವಿಜಯಪುರದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಮತ್ತು ನಮ್ಮ ಜಿಲ್ಲೆಯ ಅಕ್ಕ ತಂಗಿಯರಿಗೆ, ಅಣ್ಣ ತಮ್ಮಂದಿರಿಗೆ,

ನಮಸ್ಕಾರ.

ನಾನು ನಿವೃತ್ತ ಸ್ಟಾಫ್ ನರ್ಸ್. ನನ್ನ ಕೆಲಸದ ಹೆಚ್ಚಿನ ವರ್ಷಗಳು ಡ್ರೆಸ್ಸಿಂಗ್ ರೂಮಿನಲ್ಲೇ ಕಳೆದವು. ಗಾಯ ತೊಳೆಯುವುದು, ಗಾಜ್ ಇಡುವುದು, ಬ್ಯಾಂಡೇಜ್ ಸುತ್ತಿ "ನಾಳಿದ್ದು ಬನ್ರಿ" ಎಂದು ಕಳಿಸುವುದು. ಅದರಲ್ಲಿ ಶುಗರ್ ಇದ್ದವರ ಕಾಲಿನ ಗಾಯಗಳೇ ಜಾಸ್ತಿ. ಬೆರಳಿನಿಂದ ಶುರುವಾದದ್ದು ಪಾದಕ್ಕೆ, ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಹೋದದ್ದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಈ ಪತ್ರ ಥರ್ಮಲ್ ಕ್ಯಾಮೆರಾ ಬಗ್ಗೆ. ಕೊರೊನಾ ಕಾಲದಲ್ಲಿ ಬ್ಯಾಂಕಿನ ಬಾಗಿಲಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಹಣೆಗೆ ಗನ್ ಹಿಡಿದು ಜ್ವರ ನೋಡುತ್ತಿದ್ದರು, ನೆನಪಿದೆ ಅಲ್ವಾ? ಆ ಗನ್ ಒಂದು ಜಾಗದ ಬಿಸಿಯನ್ನು ಅಳೆಯುತ್ತದೆ. ಥರ್ಮಲ್ ಕ್ಯಾಮೆರಾ ಸಾವಿರಾರು ಜಾಗಗಳ ಬಿಸಿಯನ್ನು ಒಂದೇ ಸಲ ಅಳೆದು, ಅದಕ್ಕೆ ಬಣ್ಣ ಕೊಟ್ಟು ಚಿತ್ರ ಮಾಡುತ್ತದೆ. ಅದು ಈಗ ಆಸ್ಪತ್ರೆಗಳಿಗೂ ಬಂದಿದೆ, ಹಳ್ಳಿಯ ಕ್ಯಾಂಪುಗಳಿಗೂ ಬಂದಿದೆ. ಆ ಕ್ಯಾಮೆರಾ ಒಬ್ಬ ರೈತರ ಕಾಲು ಉಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥದ್ದೇ ಕ್ಯಾಮೆರಾದ ಕಾಗದ ನಂಬಿ ನನ್ನ ಚಿಗವ್ವ ಏಳು ತಿಂಗಳು ಕಳೆದುಕೊಂಡದ್ದನ್ನೂ ನೋಡಿದ್ದೇನೆ. ಎರಡನ್ನೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೊದಲು ಚಿಗವ್ವನ ವಿಷಯ.

ಆಕೆ ಇಂಡಿ ತಾಲ್ಲೂಕಿನವಳು. ನಿಂಬೆ ತೋಟದ ಮನೆ. ಸ್ನಾನ ಮಾಡುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿದೆ. ಯಾರಿಗೆ ಹೇಳಬೇಕು ಎಂದು ಒದ್ದಾಡುತ್ತಿದ್ದಾಗಲೇ ಊರಿನ ಶಾಲೆಯಲ್ಲಿ ಉಚಿತ ಕ್ಯಾಂಪ್ ಬಂತು. "ಮುಟ್ಟಂಗಿಲ್ಲ, ನೋವಿಲ್ಲ, ಐದೇ ನಿಮಿಷ, ಎದಿ ಕ್ಯಾನ್ಸರ್ ಗೊತ್ತಾಗತೈತಿ" ಎಂದು ಮೈಕಿನಲ್ಲಿ ಹೇಳಿಕೊಂಡು ಹೋದರು. ಅದು ಏಪ್ರಿಲ್ ತಿಂಗಳು. ಶಾಲೆಗೆ ತಗಡಿನ ಮಾಡು. ಹೆಂಗಸರು ಹೊರಗೆ ಬಿಸಿಲಿನಲ್ಲಿ ಪಾಳಿ ಹಚ್ಚಿ ನಿಂತಿದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆದು, ಚಿತ್ರ ತೆಗೆದು, ಬಣ್ಣದ ಕಾಗದ ಕೊಟ್ಟು ಕಳಿಸಿದರು. ಚಿಗವ್ವನ ಕಾಗದದ ಕೆಳಗೆ 'ನಾರ್ಮಲ್' ಎಂದು ಇತ್ತು.

ನಾನು ದೀಪಾವಳಿಗೆ ಊರಿಗೆ ಹೋದಾಗ ಆ ಗಂಟು ನಿಂಬೆಕಾಯಿಯಷ್ಟಾಗಿತ್ತು. ಮೇಲಿನ ಚರ್ಮ ಒಳಗೆ ಎಳೆದುಕೊಂಡಿತ್ತು. ಕಂಕುಳಲ್ಲಿ ಇನ್ನೊಂದು ಗಟ್ಟಿ ಗಂಟು ಕೈಗೆ ಸಿಕ್ಕಿತು.

"ಮೊದಲ ಯಾಕ ಹೇಳಲಿಲ್ಲ ಚಿಗವ್ವಾ?" ಎಂದೆ.

ಆಕೆ ಎದ್ದು ಹೋಗಿ ಟ್ರಂಕು ತೆಗೆದಳು. ರೇಷನ್ ಕಾರ್ಡು, ಆಧಾರ್, ಪಹಣಿ ಇಟ್ಟಿದ್ದ ಪ್ಲಾಸ್ಟಿಕ್ ಚೀಲದಿಂದ ಆ ಕಾಗದ ಹೊರಗೆ ಬಂತು. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟಿದ್ದಳು. "ಮಷಿನ್ನ್ಯಾಗ ಏನೂ ಇಲ್ಲ ಅಂದ್ರಲ್ಲವ್ವಾ. ಕೆಂಪ ಬಂದ್ರ ಗಂಟು, ಹಸಿರ ಬಂದ್ರ ಆರಾಮ ಅಂದ್ರು. ನಂದು ಹಸಿರ ಬಂದೈತಿ ನೋಡು" ಎಂದಳು.

ನನಗೆ ಮಾತು ಹೊರಡಲಿಲ್ಲ. ತನ್ನ ಕೈಗೆ ಸಿಕ್ಕ ಗಂಟನ್ನು ಆಕೆ ನಂಬಲಿಲ್ಲ, ಕಾಗದ ನಂಬಿದಳು. ತಪ್ಪು ಆಕೆಯದಲ್ಲ. ಕಲಿತವರು, ಬಿಳಿ ಕೋಟು ಹಾಕಿದವರು, ಮಷಿನ್ ಹಿಡಿದುಕೊಂಡು ಬಂದು ಹೇಳಿದರೆ ಯಾರಾದರೂ ನಂಬುತ್ತಾರೆ. ಮುಂದೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಆಯಿತು, ಸೋನೋಗ್ರಫಿ ಆಯಿತು, ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಆಯಿತು. ಆಪರೇಷನ್, ಕೀಮೋ ಎಲ್ಲ ಆಗಿ ಆಕೆ ಈಗ ಮನೆಯಲ್ಲಿದ್ದಾಳೆ. ಮರದ ನೆರಳಲ್ಲಿ ಕೂತು ನಿಂಬೆಹಣ್ಣು ಆರಿಸುತ್ತಾಳೆ. ಎಡಗೈ ಬಾತುಕೊಳ್ಳುತ್ತದೆ, ಭಾರ ಎತ್ತಲು ಆಗುವುದಿಲ್ಲ. ಏಪ್ರಿಲ್‌ನಲ್ಲೇ ಬಂದಿದ್ದರೆ ಇಷ್ಟೆಲ್ಲ ಬೇಕಾಗುತ್ತಿತ್ತೋ ಇಲ್ಲವೋ. ಈ ಪ್ರಶ್ನೆ ರಾತ್ರಿ ಹೊತ್ತು ನನ್ನನ್ನು ಕಾಡುತ್ತದೆ.

ಆ ಕ್ಯಾಂಪ್ ಮಾಡಿದವರ ಹೆಸರು ನಾನು ಬರೆಯುವುದಿಲ್ಲ. ಹೆಸರು ಬರೆದರೆ ಜಗಳ ಅವರೊಬ್ಬರ ಸುತ್ತಲೇ ತಿರುಗುತ್ತದೆ. ನಾಳೆ ಇನ್ನೊಬ್ಬರು ಇನ್ನೊಂದು ಊರಿನಲ್ಲಿ ಹೀಗೇ ಮಾಡಬಾರದು, ನನಗೆ ಬೇಕಾದದ್ದು ಅದು.

ಈ ಕ್ಯಾಮೆರಾ ಏನು ನೋಡುತ್ತದೆ, ಏನು ನೋಡುವುದಿಲ್ಲ ಎಂಬುದನ್ನು ಜನರಿಗೆ ಸರಿಯಾಗಿ ಹೇಳಿದವರು ಕಡಿಮೆ. ಬಿಸಿ ಇರುವ ಎಲ್ಲ ವಸ್ತುವಿನಿಂದಲೂ ಕಣ್ಣಿಗೆ ಕಾಣದ ಒಂದು ಬೆಳಕು ಹೊರಡುತ್ತಿರುತ್ತದೆ. ಶಾಲೆಯ ಪುಸ್ತಕದಲ್ಲಿ ಅವಕೆಂಪು ಕಿರಣ ಎನ್ನುತ್ತಾರಲ್ಲ, ಅದೇ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಬಿಸಿಲನ್ನು ಗಾಜಿನ ಪಟ್ಟಕದಲ್ಲಿ ಹಾಯಿಸಿ, ಕೆಂಪು ಬಣ್ಣ ಮುಗಿದ ಮೇಲಿನ ಖಾಲಿ ಜಾಗದಲ್ಲಿ ಥರ್ಮಾಮೀಟರ್ ಇಟ್ಟರು. ಕಣ್ಣಿಗೆ ಏನೂ ಕಾಣದ ಆ ಜಾಗದಲ್ಲಿ ಪಾದರಸ ಮೇಲೇರಿತು. ನಮ್ಮ ಚರ್ಮ ಕಪ್ಪಿರಲಿ ಬಿಳಿ ಇರಲಿ, ಈ ಕಿರಣವನ್ನು ಒಂದೇ ರೀತಿ ಹೊರಗೆ ಬಿಡುತ್ತದೆ. ಕ್ಯಾಮೆರಾ ಅದನ್ನು ಹಿಡಿಯುತ್ತದೆ, ಅಷ್ಟೇ. ಅದು ಎಕ್ಸ್‌ರೇ ತರ ಒಳಗೆ ಹೋಗಿ ನೋಡುವುದಿಲ್ಲ. ಮೈಗೆ ಯಾವ ಕಿರಣವನ್ನೂ ಬಿಡುವುದಿಲ್ಲ. ಚರ್ಮದ ಮೇಲಿನ ಬಿಸಿ ಮಾತ್ರ ಅದಕ್ಕೆ ಗೊತ್ತು.

ಬಿಸಿ ಎಲ್ಲಿಂದ ಬರುತ್ತದೆ? ರಕ್ತದಿಂದ. ಎಲ್ಲಿ ಕೀವು ತುಂಬುತ್ತಿದೆಯೋ, ಎಲ್ಲಿ ಮೂಳೆಗೆ ಪೆಟ್ಟಾಗಿದೆಯೋ ಅಲ್ಲಿಗೆ ರಕ್ತ ಜಾಸ್ತಿ ಹರಿದು ಚರ್ಮ ಬೆಚ್ಚಗಾಗುತ್ತದೆ. ರಕ್ತ ಹೋಗದ ಕಡೆ ತಣ್ಣಗಾಗುತ್ತದೆ. ಆದರೆ ಬಿಸಿಲಲ್ಲಿ ನಿಂತು ಬಂದರೂ ಚರ್ಮ ಬೆಚ್ಚಗಾಗುತ್ತದೆ. ಚಹಾ ಕುಡಿದರೂ, ತಂಬಾಕು ಹಾಕಿದರೂ, ಫ್ಯಾನಿನ ಕೆಳಗೆ ಕೂತರೂ ಲೆಕ್ಕ ಬದಲಾಗುತ್ತದೆ. ಅದಕ್ಕೇ ಈ ಪರೀಕ್ಷೆಗೆ ಕಟ್ಟುನಿಟ್ಟು ಇದೆ. ಕೋಣೆ 18ರಿಂದ 25 ಡಿಗ್ರಿ ಒಳಗೆ ಇರಬೇಕು. ಬಟ್ಟೆ ಸರಿಸಿಕೊಂಡು ಹದಿನೈದು ನಿಮಿಷ ಸುಮ್ಮನೆ ಕೂತು ಮೈ ಆರಿಸಿಕೊಳ್ಳಬೇಕು. ಕಿಟಕಿಯ ಬಿಸಿಲು ಬೀಳಬಾರದು, ಗಾಳಿ ಹೊಡೆಯಬಾರದು. ನಮ್ಮ ವಿಜಯಪುರದ ಏಪ್ರಿಲ್‌ನಲ್ಲಿ, ತಗಡಿನ ಮಾಡಿನ ಕೆಳಗೆ, ಹೊರಗೆ 40 ಡಿಗ್ರಿ ಇರುವಾಗ ತೆಗೆದ ಚಿತ್ರಕ್ಕೆ ಏನು ಬೆಲೆ, ನೀವೇ ಹೇಳಿ.

ಬಣ್ಣದ ಮಾತೂ ಹೇಳಿಬಿಡುತ್ತೇನೆ. ಕೆಂಪು, ಹಳದಿ, ಹಸಿರು, ನೀಲಿ ಇವೆಲ್ಲ ಕ್ಯಾಮೆರಾ ಹಚ್ಚುವ ಬಣ್ಣ. ಎಷ್ಟು ಡಿಗ್ರಿಗೆ ಯಾವ ಬಣ್ಣ ಎಂಬುದನ್ನು ಅದನ್ನು ನಡೆಸುವವರೇ ಬದಲಾಯಿಸಬಹುದು. ಒಂದು ಗುಂಡಿ ಒತ್ತಿದರೆ ಅದೇ ಎದೆ ಹಸಿರು, ಇನ್ನೊಂದು ಒತ್ತಿದರೆ ಕೆಂಪು. ಪಕ್ಕದಲ್ಲಿ ಡಿಗ್ರಿಯ ಪಟ್ಟಿ ಇಲ್ಲದಿದ್ದರೆ ಆ ಚಿತ್ರದಿಂದ ಏನೂ ತಿಳಿಯುವುದಿಲ್ಲ. ಚಿಗವ್ವನ ಕಾಗದದಲ್ಲಿ ಆ ಪಟ್ಟಿಯೇ ಇರಲಿಲ್ಲ.

ಎದೆಯ ಕ್ಯಾನ್ಸರಿಗೂ ಬಿಸಿಗೂ ಸಂಬಂಧವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1956ರಲ್ಲೇ ಕೆನಡಾದ ಮಾಂಟ್ರಿಯಲ್‌ನಲ್ಲಿ ರೇ ಲಾಸನ್ ಎಂಬ ಸರ್ಜನ್, ಕ್ಯಾನ್ಸರ್ ಇರುವ ಎದೆಯ ಚರ್ಮ ಸ್ವಲ್ಪ ಬೆಚ್ಚಗಿರುತ್ತದೆ ಎಂದು ಬರೆದರು. ಎಲ್ಲರಿಗೂ ಆಸೆ ಹುಟ್ಟಿತು. 1973ರಲ್ಲಿ ಅಮೆರಿಕದಲ್ಲಿ ಹೆಂಗಸರ ಎದೆ ತಪಾಸಣೆಯ ಬಹಳ ದೊಡ್ಡ ಯೋಜನೆ ಶುರುವಾದಾಗ ಮ್ಯಾಮೊಗ್ರಾಮ್ ಜೊತೆ ಥರ್ಮಲ್ ಚಿತ್ರವನ್ನೂ ಸೇರಿಸಿದರು. ಇದ್ದ ಕ್ಯಾನ್ಸರ್‌ಗಳಲ್ಲಿ ಅರ್ಧದಷ್ಟನ್ನೂ ಅದು ಹಿಡಿಯಲಿಲ್ಲ. ಯೋಜನೆ ಮುಗಿಯುವ ಮೊದಲೇ ಅದನ್ನು ಕೈಬಿಟ್ಟರು. ಆಳದಲ್ಲಿರುವ ಗಂಟು, ನಿಧಾನವಾಗಿ ಬೆಳೆಯುವ ಗಂಟು ಮೇಲೆ ಬಿಸಿ ತೋರಿಸದೇ ಇರಬಹುದು. ಹಾಲು ಕಟ್ಟಿದ್ದರೆ, ಸೋಂಕಾಗಿದ್ದರೆ ಕ್ಯಾನ್ಸರ್ ಇಲ್ಲದೆಯೂ ಬಿಸಿ ಕಾಣಬಹುದು. ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1982ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದೂ ಬೇರೆ ಪರೀಕ್ಷೆಯ ಜೊತೆಗೆ ಮಾತ್ರ. ಮ್ಯಾಮೊಗ್ರಾಮ್ ಬದಲು ಇದನ್ನು ಮಾಡಿಸಿಕೊಳ್ಳಬೇಡಿ ಎಂದು ಅದೇ ಎಫ್‌ಡಿಎ ಮತ್ತೆ ಮತ್ತೆ ಎಚ್ಚರಿಸಿದೆ, 2019ರಲ್ಲೂ ಹೇಳಿದೆ. ಈಗಿನ ಕ್ಯಾಮೆರಾ ಆಗಿನದಕ್ಕಿಂತ ಚೆನ್ನಾಗಿದೆ, ಚಿತ್ರ ಓದಲು ಕಂಪ್ಯೂಟರ್ ಬಂದಿದೆ, ನಮ್ಮ ದೇಶದಲ್ಲೂ ಸಂಶೋಧನೆ ನಡೆದಿದೆ. ನಡೆಯಲಿ, ನನಗೂ ಆಸೆ ಇದೆ. ಆದರೆ ಸಂಶೋಧನೆ ಬೇರೆ, ಹಳ್ಳಿಯ ಹೆಂಗಸಿನ ಕೈಗೆ 'ನಾರ್ಮಲ್' ಎಂದು ಕಾಗದ ಕೊಟ್ಟು ಮನೆಗೆ ಕಳಿಸುವುದು ಬೇರೆ.

ಹಳ್ಳಿಯ ಹೆಂಗಸರು ಈ ಕ್ಯಾಂಪಿಗೆ ಯಾಕೆ ಓಡಿ ಹೋಗುತ್ತಾರೆ ಎಂಬುದೂ ನನಗೆ ಅರ್ಥವಾಗುತ್ತದೆ. ಯಾರೂ ಮುಟ್ಟುವುದಿಲ್ಲ, ಗಂಡಸರ ಮುಂದೆ ನಾಚಿಕೆ ಇಲ್ಲ. ಮ್ಯಾಮೊಗ್ರಾಮಿಗೆ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಬರಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಒಬ್ಬರು ಬೇಕು. ಆದರೆ ಕ್ಯಾಂಪಿಗೂ ಮ್ಯಾಮೊಗ್ರಾಮಿಗೂ ನಡುವೆ ಇನ್ನೊಂದು ದಾರಿ ಇದೆ. ಅದಕ್ಕೆ ಬೇಕಾದದ್ದು ಕಲಿತ ಕೈ, ಅಷ್ಟೇ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು 20 ವರ್ಷ ಒಂದು ಅಧ್ಯಯನ ಮಾಡಿದರು. ತರಬೇತಿ ಕೊಟ್ಟ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಎದೆ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. ಕ್ಯಾನ್ಸರ್ ಮೊದಲಿನ ಹಂತದಲ್ಲೇ ಸಿಗುವುದು ಹೆಚ್ಚಾಯಿತು. 50 ದಾಟಿದ ಹೆಂಗಸರಲ್ಲಿ ಎದೆ ಕ್ಯಾನ್ಸರಿನಿಂದ ಸಾಯುವುದು ಸುಮಾರು 30% ಕಡಿಮೆಯಾಯಿತು. ಚಿಕ್ಕ ವಯಸ್ಸಿನವರಲ್ಲಿ ಸಾವು ಹಾಗೆ ಇಳಿಯಲಿಲ್ಲ, ಅದನ್ನೂ ಹೇಳಬೇಕು. ಸರ್ಕಾರದ ಕಾರ್ಯಕ್ರಮದಲ್ಲೂ 30 ದಾಟಿದ ಹೆಂಗಸರಿಗೆ ಈ ಕೈ ಪರೀಕ್ಷೆ ಇದೆ. ಕಾಗದದಲ್ಲಿ ಇದೆ. ನಮ್ಮ ಉಪಕೇಂದ್ರಗಳಲ್ಲಿ ಎಷ್ಟು ಕಡೆ ಬಾಗಿಲು ಹಾಕಿಕೊಂಡು, ಪರದೆ ಎಳೆದು, ಸಮಾಧಾನದಿಂದ ಇದು ನಡೆಯುತ್ತಿದೆ ಎಂದು ಸಾಹೇಬರು ಒಮ್ಮೆ ಹೋಗಿ ನೋಡಬೇಕು.

ಇನ್ನು ಕ್ಯಾಮೆರಾ ಕಾಲು ಉಳಿಸಿದ ಕತೆ. ಇದನ್ನು ಬರೆಯುವಾಗ ನನಗೆ ಖುಷಿಯಾಗುತ್ತದೆ.

ನಾನು ನಿವೃತ್ತಿ ಆಗುವ ಮೊದಲಿನ ಕೊನೆಯ ವರ್ಷ. ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರರು ಶುಗರ್ ಗುಳಿಗೆ ತೆಗೆದುಕೊಳ್ಳಲು ಬಂದಿದ್ದರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕಾಲಲ್ಲಿ ಗಾಯವಿಲ್ಲ, ನೋವಿಲ್ಲ. ಹೊಸದಾಗಿ ಬಂದಿದ್ದ ಡಾಕ್ಟರ್ ಹುಡುಗಿ ತನ್ನ ಮೊಬೈಲಿಗೆ ಸಿಕ್ಕಿಸುವ ಸಣ್ಣ ಥರ್ಮಲ್ ಕ್ಯಾಮೆರಾ ತಂದಿದ್ದಳು. ಕಾಕಾನ ಕಾಲು ತೊಳೆಸಿ, ಒರೆಸಿ, ಮಂಚದ ಮೇಲೆ ಮಲಗಿಸಿ ಹದಿನೈದು ನಿಮಿಷ ಬಿಟ್ಟೆವು. ಫ್ಯಾನ್ ಆರಿಸಿದೆ. ಎರಡೂ ಅಂಗಾಲು ಒಂದೇ ಚಿತ್ರದಲ್ಲಿ ಬರುವಂತೆ ಆಕೆ ತೆಗೆದಳು.

ಎಡಗಾಲು ಪೂರ್ತಿ ನೇರಳೆ ಬಣ್ಣ. ಬಲಗಾಲಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ರೂಪಾಯಿ ನಾಣ್ಯದಷ್ಟು ಜಾಗ ಹಳದಿಯಾಗಿ ಹೊಳೆಯುತ್ತಿತ್ತು. ಅಲ್ಲಿ 33.9 ಡಿಗ್ರಿ. ಎಡಗಾಲಿನ ಅದೇ ಜಾಗದಲ್ಲಿ 30.6. ನಾನು ಬಗ್ಗಿ ನೋಡಿದೆ. ದಪ್ಪಗೆ ದಡ್ಡುಗಟ್ಟಿದ ಚರ್ಮ ಬಿಟ್ಟರೆ ಏನಿಲ್ಲ. ಮುಂಗೈ ತಾಗಿಸಿದೆ. ಹೌದು, ಬೆಚ್ಚಗಿತ್ತು. ಡಾಕ್ಟರ್ ನೈಲಾನ್ ಎಳೆಯಿಂದ ಒತ್ತಿದಳು. "ಗೊತ್ತಾಗ್ತದ ಏನ್ ಕಾಕಾ?" "ಏನೂ ಇಲ್ಲವ್ವಾ." ಎಳೆ ಬಾಗುವಷ್ಟು ಒತ್ತಿದರೂ ಗೊತ್ತಾಗಲಿಲ್ಲ. ಆ ದಡ್ಡನ್ನು ಬ್ಲೇಡಿನಿಂದ ತೆಳ್ಳಗೆ ತೆಳ್ಳಗೆ ಹೆರೆದಾಗ ಒಳಗೆ ಕಪ್ಪು ಕೆಂಪಿನ ಕಲೆ ಕಂಡಿತು. ಒಳಗೆ ರಕ್ತ ಜಿನುಗಿ ಹೆಪ್ಪುಗಟ್ಟಿತ್ತು. ಹಾಗೇ ಬಿಟ್ಟಿದ್ದರೆ ಅಲ್ಲೇ ಒಡೆದು ಗಾಯವಾಗುತ್ತಿತ್ತು. ಇಂಥ ಕಲೆ ಏನಾಗುತ್ತದೆ ಎಂದು ಡ್ರೆಸ್ಸಿಂಗ್ ರೂಮಿನಲ್ಲಿ ಇದ್ದವರಿಗೆ ಹೇಳಿಕೊಡಬೇಕಿಲ್ಲ.

ಭಾರ ಬೀಳದ ಹಾಗೆ ಮೆತ್ತನೆ ಪಟ್ಟಿ ಅಂಟಿಸಿ, ಎಂಸಿಆರ್ ಎಂಬ ಮೆತ್ತನೆ ರಬ್ಬರಿನ ಚಪ್ಪಲಿ ಬರೆದುಕೊಟ್ಟರು. ಎರಡು ವಾರ ತೋಟ ತಿರುಗಬೇಡಿ ಎಂದರು. "ದ್ರಾಕ್ಷಿ ಕಟಾವು ಐತ್ರಿ ಸಿಸ್ಟರ್, ಹೆಂಗ ಕುಂದ್ರಲಿ?" ಎಂದು ಕಾಕಾ ನನ್ನ ಮುಖ ನೋಡಿದರು. ನಾನು ಮೊಬೈಲಿನಲ್ಲಿ ಆ ಹಳದಿ ಚುಕ್ಕೆ ತೋರಿಸಿದೆ. "ಇದು ಒಳಗಿನ ಬೆಂಕಿ ಕಾಕಾ. ನಿಮಗ ನೋವು ಗೊತ್ತಾಗಂಗಿಲ್ಲ, ಅದಕ್ಕ ಇದು ಹೇಳಾಕತ್ತೈತಿ." ಇಷ್ಟು ವರ್ಷ ಬಾಯಿ ನೋಯುವಂತೆ ಕಾಲು ನೋಡಿಕೊಳ್ಳಿ ಎಂದು ಹೇಳಿದ್ದೆ, ಅವರು ಕೇಳಿರಲಿಲ್ಲ. ಚಿತ್ರ ನೋಡಿದ ಮೇಲೆ ಕೇಳಿದರು. ಮಗ ಸ್ಟೂಲ್ ಹಾಕಿಕೊಟ್ಟನಂತೆ, ಕೂತಲ್ಲೇ ದ್ರಾಕ್ಷಿ ಆರಿಸಿದರಂತೆ. ಎರಡು ವಾರದ ನಂತರ ಎರಡೂ ಕಾಲಿನ ನಡುವಿನ ವ್ಯತ್ಯಾಸ 1.8ಕ್ಕೆ ಇಳಿದಿತ್ತು. ಒಂದೂವರೆ ತಿಂಗಳಿಗೆ 0.7. ಗಾಯ ಆಗಲೇ ಇಲ್ಲ.

ಇದು ಒಬ್ಬರ ಕತೆ ಮಾತ್ರವಲ್ಲ. ಎರಡೂ ಪಾದದ ಒಂದೇ ಜಾಗದಲ್ಲಿ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡರೆ, ಮರುದಿನವೂ ಹಾಗೇ ಇದ್ದರೆ, ಅದು ಎಚ್ಚರಿಕೆಯ ಗಂಟೆ ಎಂದು ಪಾದದ ತಜ್ಞರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. 2007ರಲ್ಲಿ ಅಮೆರಿಕದಲ್ಲಿ, ಹಿಂದೆ ಒಮ್ಮೆ ಗಾಯವಾಗಿದ್ದ 173 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ದಿನಾ ಮನೆಯಲ್ಲಿ ಪ್ರತಿ ಪಾದದ ಆರು ಜಾಗದ ಬಿಸಿ ನೋಡಿಕೊಂಡವರಲ್ಲಿ 8.5% ಜನರಿಗೆ ಮತ್ತೆ ಗಾಯವಾಯಿತು. ನೋಡಿಕೊಳ್ಳದ ಎರಡು ಗುಂಪುಗಳಲ್ಲಿ 30% ಆಸುಪಾಸು. ಆದರೆ 2021ರಲ್ಲಿ ಬಂದ ನೆದರ್ಲೆಂಡ್ಸ್‌ನ 304 ಜನರ ಅಧ್ಯಯನದಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಿಸಿ ಕಂಡಾಗ ನಡೆದಾಟ ಕಡಿಮೆ ಮಾಡಿದವರಿಗೆ ಲಾಭವಾಯಿತು. ನೋಡಿ ಸುಮ್ಮನಾದವರಿಗೆ ಆಗಲಿಲ್ಲ. ಕಾಕಾ ಕೂತದ್ದಕ್ಕೇ ಕಾಲು ಉಳಿಯಿತು ಎಂದು ನಾನು ಹೇಳುವುದು ಇದಕ್ಕೇ. ಕ್ಯಾಮೆರಾ ಕೊಟ್ಟು, ಚಪ್ಪಲಿ ಕೊಡದೆ, ವಿಶ್ರಾಂತಿಗೆ ದಾರಿ ಮಾಡದೆ ಬಿಟ್ಟರೆ ಏನೂ ಪ್ರಯೋಜನವಿಲ್ಲ.

ಈ ವಿದ್ಯೆಗೂ ನಮ್ಮ ದಕ್ಷಿಣ ಭಾರತಕ್ಕೂ ನಂಟಿದೆ. ಪಾಲ್ ಬ್ರ್ಯಾಂಡ್ ಎಂಬ ಸರ್ಜನ್ 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಹುಟ್ಟಿದವರು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ಸರಿಮಾಡುತ್ತಾ, ಬೆರಳು ಉದುರುವುದು ರೋಗದಿಂದಲ್ಲ, ನೋವು ಗೊತ್ತಾಗದೆ ಪೆಟ್ಟು ಮಾಡಿಕೊಳ್ಳುವುದರಿಂದ ಎಂದು ತೋರಿಸಿಕೊಟ್ಟರು. ಮುಂದೆ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದ ಮೇಲೆ, ಸ್ಪರ್ಶವಿಲ್ಲದ ಪಾದದಲ್ಲಿ ಗಾಯವಾಗುವ ಮೊದಲೇ ಬಿಸಿ ಜಾಗ ಹುಡುಕಲು ಥರ್ಮಲ್ ಚಿತ್ರ ಬಳಸಿದರು. ಅವರು ಕುಷ್ಠದಲ್ಲಿ ಕಂಡದ್ದೇ ಇವತ್ತು ಶುಗರ್ ಇದ್ದವರ ಪಾದದಲ್ಲಿ ನಡೆಯುತ್ತಿದೆ. 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಲೆಕ್ಕದಲ್ಲಿ ನಮ್ಮ ದೇಶದಲ್ಲಿ ಶುಗರ್ ಇರುವವರು 10.1 ಕೋಟಿ.

ಚಿಕಿತ್ಸೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಈ ಕ್ಯಾಮೆರಾ ಇನ್ನೂ ಚೆನ್ನಾಗಿ ಒದಗುತ್ತದೆ. ಶುಗರ್ ಇದ್ದವರಿಗೆ ಕೆಲವೊಮ್ಮೆ ಗಾಯವಿಲ್ಲದೆ ಪಾದ ಬಾತು, ಬಿಸಿಯಾಗಿ, ಒಳಗೇ ಮೂಳೆ ಕುಸಿಯುತ್ತದೆ. ಶಾರ್ಕೋ ಪಾದ ಎನ್ನುತ್ತಾರೆ. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಉಳುಕಿದೆ ಎಂದು ಎಣ್ಣೆ ತಿಕ್ಕಿಸಿಕೊಂಡು ಓಡಾಡಿದವರ ಪಾದ ದೋಣಿಯ ತಳದ ಹಾಗೆ ಬಾಗಿದ್ದನ್ನು ನೋಡಿದ್ದೇನೆ. ಇದಕ್ಕೆ ತಿಂಗಳುಗಟ್ಟಲೆ ಪ್ಲಾಸ್ಟರ್ ಬೇಕು. ಯಾವಾಗ ತೆಗೆಯಬೇಕು? ಬಾವು ಇಳಿದಿದೆಯೇ, ಎರಡೂ ಪಾದದ ಬಿಸಿಯ ವ್ಯತ್ಯಾಸ 2 ಡಿಗ್ರಿಗಿಂತ ಕೆಳಗೆ ಬಂದು ಅಲ್ಲೇ ನಿಂತಿದೆಯೇ ಎಂದು ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಕಾಲಿನ ರಕ್ತನಾಳ ಬಿಡಿಸಿದ ಮೇಲೆ ಪಾದ ಬೆಚ್ಚಗಾಯಿತೇ, ಚರ್ಮ ತಂದು ಹಚ್ಚಿದ ಮೇಲೆ ಆ ಚರ್ಮಕ್ಕೆ ರಕ್ತ ಹತ್ತಿತೇ, ಚಳಿಗೆ ಬೆರಳು ಬೆಳ್ಳಗಾಗುವವರಿಗೆ ಔಷಧಿ ತಾಗಿತೇ, ಇವನ್ನೂ ನೋಡಬಹುದು.

ಇವೆಲ್ಲದರಲ್ಲೂ ಒಂದು ಮಾತು ಸಾಮಾನ್ಯ. ಎಡಕ್ಕೆ ಬಲವನ್ನು ಹೋಲಿಸುತ್ತೇವೆ. ಮೊನ್ನೆಯದಕ್ಕೆ ಇವತ್ತಿನದನ್ನು ಹೋಲಿಸುತ್ತೇವೆ. ಅದೇ ರೋಗಿ, ಅದೇ ಕೋಣೆ, ಅಷ್ಟೇ ದೂರ. ಸಣ್ಣ ಕ್ಯಾಮೆರಾಗಳ ಅಂಕಿಯಲ್ಲಿ 2–3 ಡಿಗ್ರಿ ಹೆಚ್ಚು ಕಡಿಮೆ ಇರಬಹುದು ಎಂದು ತಯಾರಿಸುವವರೇ ಬರೆದಿರುತ್ತಾರೆ. ಎರಡೂ ಪಾದ ಒಂದೇ ಚಿತ್ರದಲ್ಲಿದ್ದರೆ ಆ ತಪ್ಪು ಎರಡಕ್ಕೂ ಹತ್ತಿರ ಹತ್ತಿರ ಒಂದೇ ಆಗುತ್ತದೆ, ವ್ಯತ್ಯಾಸವನ್ನು ನಂಬಬಹುದು. ಹೋಲಿಸಿ ನೋಡುವುದಕ್ಕೆ ಇದು ಒಳ್ಳೆಯ ಕ್ಯಾಮೆರಾ. ಒಂದೇ ಸಲ ತೆಗೆದು "ನಿನಗೆ ರೋಗವಿಲ್ಲ" ಎಂದು ತೀರ್ಪು ಕೊಡುವುದಕ್ಕೆ ಅಲ್ಲ. ಪಾದದಲ್ಲೂ ಹಾಗೆಯೇ. ರಕ್ತವೇ ಹೋಗದ ಕಾಲಿನಲ್ಲಿ ಕೀವಿದ್ದರೂ ಬಿಸಿ ಕಾಣದೇ ಇರಬಹುದು. ತಣ್ಣಗಿದೆ ಎಂದು ಸಮಾಧಾನ ಪಟ್ಟರೆ ಕಾಲು ಹೋಗುತ್ತದೆ. ನಾಡಿ ಮುಟ್ಟಿ ನೋಡಲೇಬೇಕು, ಬೆರಳ ಸಂದಿ ಬಿಡಿಸಿ ನೋಡಲೇಬೇಕು.

ಸಾಹೇಬರೇ, ಈಗ ನನ್ನ ಕೋರಿಕೆ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಅದರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಹೀಗಾಗಿ ಕೇಳುವ ಅಧಿಕಾರ ನಿಮಗಿದೆ. ಥರ್ಮಲ್ ಚಿತ್ರ ಒಂದನ್ನೇ ನೋಡಿ ಎದೆ ಕ್ಯಾನ್ಸರ್ ಇಲ್ಲ ಎಂದು ಬರೆದುಕೊಡುವ ಕ್ಯಾಂಪನ್ನು ನಮ್ಮ ಜಿಲ್ಲೆಯಲ್ಲಿ ನಡೆಯಲು ಬಿಡಬೇಡಿ. ಯಾರೇ ಕ್ಯಾಂಪ್ ಮಾಡಲಿ, ಕೈ ಪರೀಕ್ಷೆ ಬಲ್ಲ ಒಬ್ಬ ಹೆಣ್ಣುಮಗಳು ಅಲ್ಲಿರಲಿ. ಕೊಡುವ ಕಾಗದದ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಸಾಲು ಇರಲಿ: "ಕೈಗೆ ಗಂಟು ಸಿಕ್ಕಿದರೆ, ಈ ಕಾಗದ ಏನೇ ಹೇಳಲಿ, ಡಾಕ್ಟರಿಗೆ ತೋರಿಸಿ." ಓದಲು ಬಾರದವರಿಗೆ ಅದನ್ನೇ ಬಾಯಲ್ಲಿ ಹೇಳಿ ಕಳಿಸಲಿ. ಚಿಗವ್ವನಿಗೆ ಯಾರಾದರೂ ಈ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಎರಡನೆಯದು ಪಾದ. ಮೊಬೈಲಿಗೆ ಸಿಕ್ಕಿಸುವ ಕ್ಯಾಮೆರಾ ಈಗ ಹತ್ತಾರು ಸಾವಿರ ರೂಪಾಯಿಗೆ ಸಿಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕು ಆಸ್ಪತ್ರೆಗಳ ಶುಗರ್ ಕ್ಲಿನಿಕ್ಕಿಗೆ ಒಂದೊಂದು ಕೊಡಿ. ಕೊಡುವಾಗ ಒಂದು ಮಂಚ, ಒಂದು ಪರದೆ, ಗಾಳಿ ಬಿಸಿಲು ತಾಗದ ಒಂದು ಮೂಲೆ, ನೈಲಾನ್ ಎಳೆ, ಎಂಸಿಆರ್ ಚಪ್ಪಲಿ ಇವನ್ನೂ ಕೊಡಿ. ಜೊತೆಗೆ ಒಂದು ರಿಜಿಸ್ಟರ್. ಎಡ ಎಷ್ಟು, ಬಲ ಎಷ್ಟು, ಹೋದ ಸಲ ಎಷ್ಟಿತ್ತು. ಡ್ರೆಸ್ಸಿಂಗ್ ರೂಮಿನ ಸಿಸ್ಟರಿಗೇ ಕಲಿಸಿ, ಆಕೆ ನೋಡಿಕೊಳ್ಳುತ್ತಾಳೆ. ಪಾದ ಮುಟ್ಟಲು ಆಕೆಗೆ ಬೇಸರವಿಲ್ಲ.

ಉಪಕೇಂದ್ರಗಳಿಗೆ ಕ್ಯಾಮೆರಾ ಬೇಡ. ಕೊರೊನಾ ಕಾಲದ ಥರ್ಮಲ್ ಗನ್‌ಗಳು ಎಷ್ಟೋ ಕಡೆ ಕಪಾಟಿನಲ್ಲಿ ಸೆಲ್ ತೆಗೆದು ಇಟ್ಟಿದ್ದಾರೆ. ಅವನ್ನೇ ಹೊರಗೆ ತೆಗೆಸಿ. ಒಂದು ಎಚ್ಚರ ಬೇಕು. ಹಣೆ ನೋಡುವ ಗನ್ ಚರ್ಮದ ಬಿಸಿಗೆ ತಾನೇ ಲೆಕ್ಕ ಸೇರಿಸಿ ಮೈಯ ಜ್ವರ ಎಂದು ತೋರಿಸುತ್ತದೆ. ಬಹಳಷ್ಟು ಗನ್‌ಗಳಲ್ಲಿ ವಸ್ತುವಿನ ಮೇಲ್ಮೈ ಬಿಸಿ ನೋಡುವ ಇನ್ನೊಂದು ಮೋಡ್ ಇರುತ್ತದೆ, ಅದಕ್ಕೆ ಬದಲಾಯಿಸಿಕೊಳ್ಳಬೇಕು. ಎರಡೂ ಪಾದವನ್ನು ಒಂದೇ ಗನ್ನಿನಿಂದ, ಒಂದೇ ದೂರದಿಂದ, ಅವೇ ಆರು ಜಾಗದಲ್ಲಿ ನೋಡಬೇಕು. ಶುಗರ್, ಬಿಪಿ ನೋಡಲು ಮನೆ ಮನೆಗೆ ಹೋಗುವ ನಮ್ಮ ಆಶಾ ಅಕ್ಕಂದಿರು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ಅವರ ಮೇಲೆ ಮೊದಲೇ ಬಹಳ ಕೆಲಸ ಹೇರಿದ್ದೀರಿ, ಅದಕ್ಕೆ ತಕ್ಕ ಗೌರವಧನವನ್ನೂ ಸೇರಿಸಿ.

ಇನ್ನೊಂದು ಆಸೆ ಇದೆ. ಯುಗಾದಿಗೆ ಮೊದಲು ನಮ್ಮ ಜಿಲ್ಲೆಯಿಂದ, ಬಾಗಲಕೋಟೆಯಿಂದ, ಬೆಳಗಾವಿ ಕಡೆಯಿಂದ ಸಾವಿರಾರು ಜನ ಶ್ರೀಶೈಲ ಮಲ್ಲಯ್ಯನಿಗೆ ಪಾದಯಾತ್ರೆ ಹೋಗುತ್ತಾರೆ. ಎಷ್ಟೋ ಜನ ಬರಿಗಾಲು. ಮಧ್ಯಾಹ್ನದ ಡಾಂಬರು ಕಾದ ಹಂಚು. ಶುಗರ್ ಇದ್ದು ಪಾದದಲ್ಲಿ ಸ್ಪರ್ಶವಿಲ್ಲದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ, ಮುಳ್ಳು ನಟ್ಟದ್ದೂ ಗೊತ್ತಾಗುವುದಿಲ್ಲ. ಪ್ರತಿ ವರ್ಷ ಯುಗಾದಿ ಕಳೆದ ವಾರ ನಮ್ಮ ಡ್ರೆಸ್ಸಿಂಗ್ ರೂಮಿನ ಬೆಂಚು ತುಂಬಿ ಹೋಗುತ್ತಿತ್ತು. ಹರಕೆ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ, ನಮ್ಮ ಮನೆಯವರೂ ಹೋಗಿ ಬಂದವರೇ. ಹೊರಡುವ ಮೊದಲು ಊರಿನ ಗುಡಿಯ ಮುಂದೆ ಬೆಳಗಿನ ತಂಪಿನಲ್ಲಿ ಒಂದು ಪಾದ ತಪಾಸಣೆ ಇಡಿ. ಒಂದು ಚಾಪೆ, ಒಂದು ಗನ್, ಒಂದು ನೈಲಾನ್ ಎಳೆ. ಸ್ಪರ್ಶ ಇಲ್ಲದವರಿಗೆ, ಬಿಸಿ ಜಾಗ ಸಿಕ್ಕವರಿಗೆ ಚಪ್ಪಲಿ ಹಾಕಿಕೊಂಡೋ, ಈ ವರ್ಷ ಬಸ್ಸಿನಲ್ಲೋ ಹೋಗಿ ಎಂದು ಹೇಳಿ. ಊರಿನ ಸ್ವಾಮಿಗಳ ಬಾಯಿಂದ ಹೇಳಿಸಿದರೆ ಖಂಡಿತ ಕೇಳುತ್ತಾರೆ. ನೀವು ದಿನ ಗೊತ್ತು ಮಾಡಿದರೆ ನಾನೂ ಬಂದು ಚಾಪೆಯ ಮೇಲೆ ಕೂರುತ್ತೇನೆ, ನನ್ನ ಜೊತೆ ನಿವೃತ್ತರಾದ ಇನ್ನಿಬ್ಬರು ಸಿಸ್ಟರುಗಳನ್ನೂ ಕರೆದುಕೊಂಡು ಬರುತ್ತೇನೆ.

ಈ ಪತ್ರದ ಜೊತೆ ಚಿಗವ್ವನ ಕಾಗದದ ಝೆರಾಕ್ಸ್ ಇಟ್ಟಿದ್ದೇನೆ. ಹೆಸರು, ಊರು, ಕ್ಯಾಂಪಿನವರ ಮುದ್ರೆ ಎಲ್ಲ ಮುಚ್ಚಿದ್ದೇನೆ. ನಮ್ಮ ಓಣಿಯ ಅಂಗಡಿಯಲ್ಲಿ ಕಪ್ಪು ಬಿಳುಪಿನ ಮಷಿನ್ ಮಾತ್ರ ಇದೆ. ಹಾಗಾಗಿ ಹಸಿರೂ ಒಂದೇ, ಕೆಂಪೂ ಒಂದೇ, ಎಲ್ಲ ಬೂದಿ ಬಣ್ಣ ಬಂದಿದೆ. ಮೂಲ ಕಾಗದ ಬೇಕಾದರೆ ಹೇಳಿ ಕಳಿಸಿ, ತಂದು ತೋರಿಸುತ್ತೇನೆ. ಚಿಗವ್ವ ಅದನ್ನು ಇನ್ನೂ ಅದೇ ಟ್ರಂಕಿನಲ್ಲಿ ಇಟ್ಟಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸ್ಟಾಫ್ ನರ್ಸ್
ವಿಜಯಪುರ